ಬಕೆಟ್ಟಿನಲ್ಲಿ ಎಂಟು ಓಮ್

ಗರಾಜಿನಲ್ಲಿ ಕೂತು ನಾನು ಫೋನಿನಲ್ಲಿ, "ಎಂಟು ಓಮ್ ಸಿಕ್ಕಿದ್ರೆ ಸಾಕು ಭಾವ, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದದ್ದು ಅಮ್ಮನ ಕಿವಿಗೆ ಬಿತ್ತು. ಆರು ತಿಂಗಳ ವೀಸಾದ ಮೇಲೆ ತೀರ್ಥಹಳ್ಳಿ ಕಡೆಯಿಂದ ಬಂದು, ಶಿಕಾಗೋ ಪಕ್ಕದ ಅರೋರಾದ ಚಳಿಗೆ ಎರಡು ಸ್ವೆಟರ್, ಮೇಲೊಂದು ಶಾಲು ಹೊದ್ದು ಕೂತಿದ್ದ ಅವಳಿಗೆ ಮಗ ಕಡೆಗೂ ದಾರಿಗೆ ಬಂದನೆಂದು ಸಂತೋಷವಾಗಿರಬೇಕು. "ಎಂಟಕ್ಕೇ ಯಾಕೋ ನಿಲ್ಲಿಸ್ತೀಯ? ಕೂತಿದ್ದೇ ಕೂತಿದೀಯ, ನೂರೆಂಟು ಹೇಳು" ಅಂದಳು.

ನನ್ನ ಓಮ್ ಪ್ರಣವವಲ್ಲ. ಗೇಯಾರ್ಗ್ ಓಮ್ ಎಂಬ ಜರ್ಮನಿಯ ಶಾಲಾ ಮೇಷ್ಟರದ್ದು. ವಿದ್ಯುತ್ತನ್ನು ತಳ್ಳುವ ಒತ್ತಡ, ಹರಿಯುವ ಪ್ರವಾಹ, ಅಡ್ಡ ನಿಲ್ಲುವ ತಡೆ, ಈ ಮೂರರ ಲೆಕ್ಕವನ್ನು ಅವರು 1827ರಲ್ಲಿ ಅಚ್ಚು ಹಾಕಿಸಿದರು. ಆ ತಡೆಯ ಅಳತೆಗೆ ಅವರ ಹೆಸರೇ ಉಳಿಯಿತು. ನಮ್ಮ ಹೈಸ್ಕೂಲಿನಲ್ಲಿ ಬೆತ್ತದ ಸಮೇತ ಕಲಿತ ಸೂತ್ರ ಅದು. ಆ ಬೆತ್ತಕ್ಕೂ ಮೂರು ರಾಶಿಗಳಿದ್ದವು, ಪ್ರವಾಹ ಮಾತ್ರ ನಮ್ಮ ಕಣ್ಣಿಂದ ಹರಿಯುತ್ತಿತ್ತು.

ಇಷ್ಟಕ್ಕೂ ಎಂಟು ಓಮ್ ಯಾಕೆ ಬೇಕಾಯಿತೆಂದು ಹೇಳಬೇಕು. ನಮ್ಮ ಕಡೆಯ ಒಂದು ಕನ್ನಡ ಕೂಟದವರು ಯಾರೋ ಬಳಸಿ ಬಿಟ್ಟ ಆಂಪ್ಲಿಫೈಯರ್ ಒಂದನ್ನು ಅಗ್ಗಕ್ಕೆ ತಂದಿದ್ದರು. ಮುಖದ ಮೇಲೆ 500 ವಾಟ್ ಎಂದು ಬಂಗಾರದ ಅಕ್ಷರ. ರಾಜ್ಯೋತ್ಸವದ ದಿನ ಪ್ರಾರ್ಥನೆಗೆ ಸರಿಯಾಗಿತ್ತು, ಸ್ವಾಗತ ಭಾಷಣಕ್ಕೂ ಸರಿಯಾಗಿತ್ತು (ಅಲ್ಲಿ ಕೆಟ್ಟಿದ್ದರೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ), ಯಕ್ಷಗಾನದ ಚಂಡೆಗೆ ಮೊದಲ ಪೆಟ್ಟು ಬಿದ್ದದ್ದೇ ತಡ, ಗರ್ರ್ ಎಂದು ಕಟ್ಟಿಕೊಂಡ ಗಂಟಲಿನವರ ಹಾಗೆ ಒದರತೊಡಗಿತು. ಮಹಿಷಾಸುರ ಬಾಯಿ ತೆರೆದ ಹಾಗೇ ನಿಂತ. ಕೂಟದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು ನಾನೊಬ್ಬನೇ ಅಲ್ಲ, ಆದರೆ ಆ ದಿನ ಮುಂದಿನ ಸಾಲಿನಲ್ಲಿ ಕೂತವನು ನಾನೊಬ್ಬನೇ. ಪೆಟ್ಟಿಗೆ ನಮ್ಮ ಗರಾಜಿಗೆ ಬಂತು.

ಆಂಪ್ಲಿಫೈಯರ್ ಕೆಟ್ಟಿದೆಯೋ ಅಥವಾ ಅದರ ಶಕ್ತಿಯೇ ಅಷ್ಟೋ ಎಂದು ತಿಳಿಯಲು ಅದನ್ನು ಪೂರಾ ದುಡಿಸಿ ನೋಡಬೇಕು. ದುಡಿಸಲು ಹೊರೆ ಬೇಕು. ಸ್ಪೀಕರನ್ನೇ ಕಟ್ಟಿ ಪೂರ್ತಿ ತಿರುಗಿಸಿದರೆ ಪಕ್ಕದ ಮನೆಯವರು ಪೊಲೀಸರಿಗೆ ಫೋನು ಮಾಡುವುದಕ್ಕೆ ಮುಂಚೆ ಸ್ಪೀಕರೇ ಹರಿದುಹೋಗುತ್ತದೆ. ಅದಕ್ಕೇ ಸ್ಪೀಕರಿನ ಜಾಗದಲ್ಲಿ ಅಷ್ಟೇ ತಡೆಯ (ನಮ್ಮದಕ್ಕೆ ಎಂಟು ಓಮ್) ಒಂದು ರೆಸಿಸ್ಟರನ್ನು ಕೂರಿಸುತ್ತಾರೆ. ಅದು ಹಾಡುವುದಿಲ್ಲ, ಕುಣಿಯುವುದಿಲ್ಲ, ಕೊಟ್ಟದ್ದನ್ನೆಲ್ಲ ನುಂಗಿ ಬಿಸಿಯಾಗುತ್ತದೆ. ಡಮ್ಮಿ ಲೋಡ್ ಅಂತ ಅದರ ಹೆಸರು. ಕನ್ನಡದಲ್ಲಿ ಏನನ್ನಬಹುದೆಂದು ಯೋಚಿಸಿದೆ. ಹುಸಿಹೊರೆ ಅನ್ನೋಣವೆಂದರೆ ಹೊರೆ ಹುಸಿಯಲ್ಲ, ಮುಟ್ಟಿದರೆ ಬೊಬ್ಬೆ ಬರುತ್ತದೆ. ಬೆರ್ಚಪ್ಪ ಅನ್ನೋಣವೆಂದರೆ ಅವನು ಹೆದರಿಸುತ್ತಾನೇ ಹೊರತು ಹೊರುವುದಿಲ್ಲ. ಅಮ್ಮನಿಗೆ ವಿವರಿಸಿದೆ. ಅವಳು ಬಟಾಣಿ ಬಿಡಿಸುತ್ತ, "ಕೊರಡು ಎಳೆಸೋದು ಅನ್ನು" ಅಂದಳು. ಎಳೆಯ ಹೋರಿಯನ್ನು ನೇಗಿಲಿಗೆ ಹೂಡುವ ಮುಂಚೆ ಮರದ ಕೊರಡು ಕಟ್ಟಿ ಗದ್ದೆಯ ಅಂಚಿನಲ್ಲಿ ಎಳೆಸುತ್ತಾರಲ್ಲ, ಅದು. ನೆಲ ಉಳುವುದಿಲ್ಲ, ಬೆಳೆ ಬರುವುದಿಲ್ಲ, ಆದರೆ ಹೋರಿ ಎಷ್ಟು ಹೊತ್ತು ಎಳೆದೀತು, ಎಲ್ಲಿ ಮುಗ್ಗರಿಸೀತು, ಎಲ್ಲಾ ಗೊತ್ತಾಗುತ್ತದೆ. ನನಗೆ ಇದಕ್ಕಿಂತ ಒಳ್ಳೆಯ ಪಾರಿಭಾಷಿಕ ಪದ ಇನ್ನೂ ಸಿಕ್ಕಿಲ್ಲ.

ಕೊರಡಿನ ಹುಡುಕಾಟ ಬಲ್ಬಿನಿಂದ ಶುರುವಾಯಿತು. ಎಲ್ಲರದ್ದೂ ಅಲ್ಲಿಂದಲೇ ಶುರುವಾಗುತ್ತದೆ. ಹಳೆಯ ಕಾಲದ ತಂತಿಯ ಬಲ್ಬು, 60 ವಾಟಿನದು, ಇಲ್ಲಿಯ 120 ವೋಲ್ಟಿಗೆ ಲೆಕ್ಕ ಹಾಕಿದರೆ 240 ಓಮ್. ಮೂವತ್ತನ್ನು ಅಕ್ಕಪಕ್ಕ ಸೇರಿಸಿ ಕಟ್ಟಿದರೆ ಎಂಟಾಯಿತು ಎಂದುಕೊಂಡು ಒಂದಕ್ಕೆ ಮೀಟರ್ ಇಟ್ಟರೆ ಅದು ತೋರಿಸಿದ್ದು 17 ಓಮ್! ಟಂಗ್‌ಸ್ಟನ್ನಿನ ಸ್ವಭಾವವೇ ಹಾಗೆ. ತಣ್ಣಗಿದ್ದಾಗ ಒಂದು ಮಾತು, ಬಿಸಿಯಾದ ಮೇಲೆ ಹತ್ತು ಹದಿನೈದು ಪಟ್ಟು ದೊಡ್ಡ ಮಾತು. ಪರೀಕ್ಷೆಗೆ ಇಂಥ ಸಾಕ್ಷಿಯನ್ನು ಕರೆದರೆ ಕೇಸು ಬಿದ್ದುಹೋಗುತ್ತದೆ. ಪವರ್ ಸಪ್ಲೈ ಸತ್ತಿದೆಯೋ ಬದುಕಿದೆಯೋ ನೋಡಲು ಬಲ್ಬು ಸಾಕು, ಅಳೆಯುವುದಕ್ಕೆ ಬೇಡ. ಅದೂ ಅಲ್ಲದೆ 2023ರ ಆಗಸ್ಟಿನಿಂದ ಅಮೆರಿಕದ ಅಂಗಡಿಗಳಲ್ಲಿ ಮಾಮೂಲಿ ತಂತಿ ಬಲ್ಬು ಮಾರುವಂತಿಲ್ಲ. ನನ್ನ ಹತ್ತಿರ ಉಳಿದ ಆರನ್ನು ಹೆಂಡತಿ ದೇವರ ಮನೆಯ ಕಪಾಟಿನಲ್ಲಿ ಇಟ್ಟಿದ್ದಾಳೆ. ಯಾಕೆಂದು ಕೇಳಿಲ್ಲ.

ಎರಡನೆಯದು ಬಂಗಾರ ಬಣ್ಣದ, ಅಲ್ಯೂಮಿನಿಯಂ ಕವಚದ ರೆಸಿಸ್ಟರ್. ಎಂಟು ಓಮ್, ನೂರು ವಾಟ್, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಇಷ್ಟು ಪುಟ್ಟ ಜೀವ ನೂರು ವಾಟ್ ತಾಳುತ್ತದೆಯೇ ಎಂದು ಆಶ್ಚರ್ಯವಾಯಿತು. ಆಶ್ಚರ್ಯವಾದಾಗ ಕಾಗದ ಓದಬೇಕು, ನಾನು ಓದಲಿಲ್ಲ. ದೊಡ್ಡ ಲೋಹದ ಹಲಗೆಗೆ ಬಿಗಿದು ಕೂರಿಸಿದರೆ ಮಾತ್ರ ಆ ನೂರು, ಬರಿದೇ ಇಟ್ಟರೆ ಅದರ ಅರ್ಧವೂ ಇಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಗರಾಜಿನಲ್ಲಿ ಚಳಿಯೆಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಐದು ನಿಮಿಷ ನಡೆಸಿದೆ. ಈ ದೇಶದ ಸ್ಮೋಕ್ ಅಲಾರಂಗೆ ಸಾಸಿವೆ ಒಗ್ಗರಣೆಗೂ ರೆಸಿಸ್ಟರಿಗೂ ವ್ಯತ್ಯಾಸ ಗೊತ್ತಿಲ್ಲ. ಎರಡಕ್ಕೂ ಒಂದೇ ರಾಗ. "ರೀ, ಇವತ್ತು ನಾನೇನೂ ಒಲೆ ಹಚ್ಚೇ ಇಲ್ವಲ್ಲ" ಎಂದು ಹೆಂಡತಿ ಓಡಿ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಕಂದು ಬಣ್ಣದ ಒಂದು ಆಯತ ಮೂಡಿತ್ತು. ಈಗ ಅದರ ಮೇಲೆ ಉಪ್ಪಿನಕಾಯಿ ಭರಣಿ ಕೂತಿದೆ. ಅತಿಥಿಗಳು ಬಂದಾಗ ಭರಣಿ ಸರಿಸಬಾರದೆಂದು ಮಕ್ಕಳಿಗೂ ಹೇಳಿಟ್ಟಿದ್ದೇವೆ.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ರೆಸಿಸ್ಟರಿನ ಮೇಲೆ ಹತ್ತು ವಾಟ್ ಎಂದಿದ್ದರೆ ಅದು ತಾನು ಸಾಯದೆ ಎಷ್ಟು ತಾಳುತ್ತೇನೆಂದು ಹೇಳುತ್ತದೆ. ನಿಮ್ಮ ಬೆರಳು ಎಷ್ಟು ತಾಳುತ್ತದೆಂದು ಅಲ್ಲ.

ಭಾವ ಇರುವುದು ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ನಿನಲ್ಲಿ. ಅಕ್ಕನ ಮನೆ ಎನ್ನಬೇಕು, ಆದರೆ ಗರಾಜು ಮಾತ್ರ ಪೂರ್ತಿ ಭಾವನದ್ದು. ನಮ್ಮ ಮನೆಯಿಂದ ಅಲ್ಲಿಗೆ ಐ-94 ಹೆದ್ದಾರಿಯಲ್ಲಿ ನಾಲ್ಕೂವರೆ ಗಂಟೆ, ಹಿಮ ಬಿದ್ದರೆ ದೇವರು ಕೊಟ್ಟಷ್ಟು. ಅವರು ಮೂವತ್ತು ವರ್ಷ ಕಾರಿನ ವಿದ್ಯುತ್ ವಿಭಾಗದಲ್ಲೇ ದುಡಿದವರು. ಅವರ ಊರಿನಲ್ಲಿ ಲೋಡ್ ಎಂದರೆ ಬ್ಯಾಟರಿಗೆ ಹಾಕುವ ಲೋಡ್. ಇಂಗಾಲದ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿದ ಕಾರ್ಬನ್ ಪೈಲ್ ಎಂಬ ಪೆಟ್ಟಿಗೆ ಅವರ ಹತ್ತಿರ ಇದೆ. ತಿರುಪು ಬಿಗಿ ಮಾಡುತ್ತ ಹೋದ ಹಾಗೆ ಬಿಲ್ಲೆಗಳು ಒತ್ತಿಕೊಂಡು ತಡೆ ಕಡಿಮೆಯಾಗುತ್ತದೆ. ಚಳಿಯಲ್ಲಿ ಕೊಡಬಲ್ಲ ಪ್ರವಾಹ 600 ಆಂಪಿಯರ್ ಎಂದು ಬ್ಯಾಟರಿಯ ಮೇಲೆ ಬರೆದಿದ್ದರೆ ಅದರ ಅರ್ಧ, 300 ಆಂಪಿಯರ್, ಹದಿನೈದು ಸೆಕೆಂಡು ಎಳೆಯಬೇಕು. ಅಷ್ಟು ಹೊತ್ತಿನಲ್ಲಿ ವೋಲ್ಟೇಜು 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮುದಿಯಾಯಿತೆಂದು ಲೆಕ್ಕ. ಆ ಕ್ಷಣಕ್ಕೆ ಪೆಟ್ಟಿಗೆಯೊಳಗೆ ಸುಮಾರು ಮೂರು ಸಾವಿರ ವಾಟ್ ಬೇಯುತ್ತಿರುತ್ತದೆ. ಇಂಥವರ ಮುಂದೆ ನಾನು ನೂರು ವಾಟಿಗೆ ಸುಟ್ಟ ಕಟ್ಟೆಯ ಕಥೆ ಹೇಳಿದರೆ ಅವರು ಮುಗುಳ್ನಗದೆ ಇನ್ನೇನು ಮಾಡಿಯಾರು?

ಅವರನ್ನು ನೋಡಲು ಹೋಗುವ ದಾರಿಯೇ ಒಂದು ಕೊರಡಿನ ಪುರಾಣ. ಶಿಕಾಗೋದಲ್ಲಿ ವಿಲಿಯಂ ಹಾಸ್ಕಿನ್ಸ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಬಿಲಿಯರ್ಡ್ಸ್ ಆಡುವವರು ಕೋಲಿನ ತುದಿಗೆ ಉಜ್ಜುವ ಸೀಮೆಸುಣ್ಣವನ್ನು ಸುಧಾರಿಸಿ 1897ರಲ್ಲಿ ಪೇಟೆಂಟ್ ಪಡೆದ ಜೋಡಿಯಲ್ಲಿ ಒಬ್ಬರು. ಅವರ ಪ್ರಯೋಗಶಾಲೆಯ ಆಲ್ಬರ್ಟ್ ಮಾರ್ಷ್ ನಿಕ್ಕಲ್ಲಿಗೆ ಕ್ರೋಮಿಯಂ ಬೆರೆಸಿ ಒಂದು ತಂತಿ ಎಳೆದರು. ಕೆಂಪಗೆ ಕಾದರೂ ತುಕ್ಕು ಹಿಡಿದು ಉದುರದ ತಂತಿ. ಅದರ ಪೇಟೆಂಟು 1906ರದ್ದು. ನೈಕ್ರೋಮ್ ಕುಲದ ಮೂಲಪುರುಷ ಅದೇ. ಆಮೇಲೆ ಹಾಸ್ಕಿನ್ಸ್ ಕಂಪನಿ ಡೆಟ್ರಾಯಿಟಿಗೆ ಹೋಯಿತು. ಟೋಸ್ಟರ್, ಇಸ್ತ್ರಿಪೆಟ್ಟಿಗೆ, ನಮ್ಮೂರಿನ ಹಾಸ್ಟೆಲ್ ಹುಡುಗರು ವಾರ್ಡನ್ ಕಣ್ಣು ತಪ್ಪಿಸಿ ಮ್ಯಾಗಿ ಬೇಯಿಸುವ ಕಾಯಿಲ್ ಒಲೆ, ಎಲ್ಲದರ ಒಡಲಲ್ಲೂ ಆ ತಂತಿಯ ಸಂತಾನವೇ ಇರುವುದು. ನನಗೆ ಮುಖ್ಯವಾದದ್ದು ಅದರ ಇನ್ನೊಂದು ಗುಣ. ತಣ್ಣಗಿರುವಾಗ ಎಷ್ಟು ಓಮ್ ಹೇಳುತ್ತದೋ ಕೆಂಪಾದಾಗಲೂ ಹೆಚ್ಚುಕಡಿಮೆ ಅಷ್ಟೇ ಹೇಳುತ್ತದೆ, ನೂರಕ್ಕೆ ಐದಾರರ ಮೇಲೆ ಮಾತು ಬದಲಿಸುವುದಿಲ್ಲ. ಬಲ್ಬಿನಿಂದ ಮೋಸಹೋದವನಿಗೆ ಇದೊಂದು ಹರಿಶ್ಚಂದ್ರನ ವಂಶ ಸಿಕ್ಕಿದ ಹಾಗೆ.

ಅದೇ ದಾರಿಯಲ್ಲಿ, ಮಿಶಿಗನ್ ಸರೋವರದ ಅಂಚು ಬಳಸಿಕೊಂಡು ಹೋದರೆ, ಬೆಂಟನ್ ಹಾರ್ಬರ್ ಸಿಗುತ್ತದೆ. ಹೀತ್‌ಕಿಟ್‌ನ ಊರು. ಎಡ್ ಹೀತ್ ಎಂಬಾತ ಶಿಕಾಗೋದಲ್ಲಿ ಮನೆಯಲ್ಲೇ ಕಟ್ಟಿಕೊಳ್ಳುವ ವಿಮಾನದ ಬಿಡಿಭಾಗಗಳನ್ನು ಮಾರುತ್ತಿದ್ದ, 1931ರಲ್ಲಿ ತನ್ನದೇ ವಿಮಾನವೊಂದನ್ನು ಪರೀಕ್ಷಿಸುವಾಗ ಬಿದ್ದು ಸತ್ತ. 1935ರಲ್ಲಿ ಆ ಕಂಪನಿಯನ್ನು ಕೊಂಡ ಹೋವರ್ಡ್ ಆಂಟನಿ, ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಮಿಕ್ಕಿಸಿದ ಎಲೆಕ್ಟ್ರಾನಿಕ್ಸ್ ಸಾಮಾನನ್ನು ರಾಶಿಗಟ್ಟಲೆ ಕೊಂಡು, 1947ರಲ್ಲಿ ಆಸಿಲೋಸ್ಕೋಪನ್ನೇ ಬಿಡಿಬಿಡಿಯಾಗಿ ಡಬ್ಬಿಯಲ್ಲಿ ಹಾಕಿ ಮಾರಿದ. ಬೆಸುಗೆ ನೀವೇ ಹಾಕಿಕೊಳ್ಳಿ. 1992ರಲ್ಲಿ ಕಿಟ್ಟುಗಳ ವ್ಯಾಪಾರ ನಿಲ್ಲುವ ತನಕ ಈ ದೇಶದ ಎಷ್ಟೋ ಗರಾಜುಗಳು ಎಂಜಿನಿಯರಿಂಗ್ ಕಾಲೇಜುಗಳಾಗಿದ್ದವು.

ಹೀತ್‌ಕಿಟ್‌ನವರ ಒಂದು ಕಿಟ್ಟಿನ ಹೆಸರು ಕ್ಯಾಂಟೆನಾ. ಡಬ್ಬಿಗೆ ಕ್ಯಾನ್, ಅದು ಆಂಟೆನಾದ ಬದಲಿ, ಎರಡೂ ಕೂಡಿ ಕ್ಯಾಂಟೆನಾ. ಹವ್ಯಾಸಿ ರೇಡಿಯೋದವರು ಟ್ರಾನ್ಸ್‌ಮಿಟರ್ ಸರಿಮಾಡುವಾಗ ಊರಿಗೆಲ್ಲ ಕೇಳುವಂತೆ ಆಕಾಶಕ್ಕೆ ಬಿಡಬಾರದಲ್ಲ, ಅದಕ್ಕೊಂದು ಐವತ್ತು ಓಮಿನ ಕೊರಡು. ಬಣ್ಣದ ಡಬ್ಬಿಯಂಥ ಒಂದು ಗ್ಯಾಲನ್ ಡಬ್ಬಿ, ಅದರೊಳಗೆ ಉದ್ದನೆಯ ಒಂದು ರೆಸಿಸ್ಟರ್, ಸುತ್ತ ಎಣ್ಣೆ. ಅಷ್ಟೇ. ಸ್ವಲ್ಪ ಹೊತ್ತಿಗಾದರೆ ಸಾವಿರ ವಾಟನ್ನೂ ನುಂಗಿ ಸುಮ್ಮನಿರುತ್ತದೆ. ಡಬ್ಬಿ ಅವರು ಕೊಡುತ್ತಿದ್ದರು, ಎಣ್ಣೆ ನಾವೇ ತರಬೇಕಿತ್ತು. ಇಡ್ಲಿ ಪಾತ್ರೆ ಕೊಟ್ಟು ಹಿಟ್ಟು ನಿಮ್ಮದು ಎಂದ ಹಾಗೆ.

ಭಾವನ ಬಳಿ ಇಂಥದೊಂದು ಖಾಲಿ ಡಬ್ಬಿ ಇತ್ತು. ಹಳೆಯ ಕ್ಯಾಂಟೆನಾ ಕೊಳ್ಳುವವರಿಗೆ ಅವರದೊಂದು ಎಚ್ಚರಿಕೆ: ಒಳಗಿನ ಎಣ್ಣೆ ಯಾವುದೆಂದು ತಿಳಿಯದೆ ಕೈ ಹಾಕಬೇಡಿ. ಹಿಂದಿನ ಕಾಲದ ಕೆಲವು ಟ್ರಾನ್ಸ್‌ಫಾರ್ಮರ್ ಎಣ್ಣೆಗಳಲ್ಲಿ ಪಿಸಿಬಿ ಎಂಬ ವಿಷ ಇರುತ್ತಿತ್ತು. ಹೊಸದಾಗಿ ತುಂಬುವವರು ಖನಿಜ ತೈಲ ಹಾಕುತ್ತಾರೆ. ಅದು ಇಲ್ಲಿ ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಮಲಬದ್ಧತೆಯ ಔಷಧಿ ಎಂದು. ಒಂದು ಗ್ಯಾಲನ್ ಆಗಬೇಕಾದರೆ ಎಂಟು ಬಾಟಲಿ. ಕೌಂಟರಿನಲ್ಲಿದ್ದ ಹುಡುಗಿ ಒಂದೊಂದೇ ಬಾಟಲಿಯನ್ನು ಬೀಪ್ ಅನ್ನಿಸುತ್ತ ಐದನೆಯದಕ್ಕೆ ತಲೆಯೆತ್ತಿ ನನ್ನನ್ನು ನೋಡಿದಳು. ಎಂಟನೆಯದಕ್ಕೆ ಅವಳ ಮುಖದಲ್ಲಿ ಇದ್ದ ಕರುಣೆಯನ್ನು ನಾನು ನಮ್ಮ ಬಂಧುಬಳಗದಲ್ಲೂ ಕಂಡಿಲ್ಲ. "ರೇಡಿಯೋಗೆ" ಎಂದೆ. "ಖಂಡಿತ, ಸರ್" ಎಂದಳು.

ಅಷ್ಟೆಲ್ಲ ಮಾಡಿದರೂ ಅದು ಐವತ್ತು ಓಮ್. ನನಗೆ ಬೇಕಿದ್ದದ್ದು ಎಂಟು. ಎಣ್ಣೆ ಡಬ್ಬಿ ಭಾವನ ಗರಾಜಿನಲ್ಲೇ ಉಳಿಯಿತು. ಅಕ್ಕ ಇವತ್ತಿಗೂ ಅದರ ಸುದ್ದಿ ತೆಗೆದರೆ ನನ್ನ ಹೊಟ್ಟೆಯ ಕ್ಷೇಮ ವಿಚಾರಿಸುತ್ತಾಳೆ.

ಕಡೆಗೆ ದಾರಿ ತೋರಿಸಿದವರು ಭಾವನೇ. "ನೀರು ಕಾಯಿಸೋ ಟ್ಯಾಂಕಿನ ಎಲಿಮೆಂಟು ತಗೋಳಯ್ಯ, ಒಳಗಿರೋದು ನೈಕ್ರೋಮೇ" ಅಂದರು. ಇಲ್ಲಿನ ಮನೆಗಳ ನೆಲಮಾಳಿಗೆಯಲ್ಲಿ ನಮ್ಮ ಹಂಡೆಯ ಮುಮ್ಮಗನಂಥ ಟ್ಯಾಂಕು ನಿಂತಿರುತ್ತದೆ. ಅದರ ಎಲಿಮೆಂಟುಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವೆ. 240 ವೋಲ್ಟಿನ 3500 ವಾಟ್ ಎಲಿಮೆಂಟನ್ನು ಮೇಷ್ಟರ ಸೂತ್ರಕ್ಕೆ ಹಾಕಿ: 240ನ್ನು 240ರಿಂದ ಗುಣಿಸಿ 3500ರಿಂದ ಭಾಗಿಸಿದರೆ ಸುಮಾರು ಹದಿನಾರೂವರೆ ಓಮ್. ಎರಡನ್ನು ಅಕ್ಕಪಕ್ಕ ಜೋಡಿಸಿದರೆ ಅರ್ಧ, 8.2. ಏಳು ಸಾವಿರ ವಾಟ್ ತಾಳಬಲ್ಲ ಕೊರಡು, ಎರಡು ಸಿನಿಮಾ ಟಿಕೆಟ್ಟಿನ ಬೆಲೆಗೆ! ನೀರಲ್ಲಿ ಮುಳುಗಿಸಿಟ್ಟರೆ ಸುಟ್ಟುಹೋಗುವ ಮಾತೇ ಇಲ್ಲ. ಇಷ್ಟು ದಿನ ನನ್ನ ಮನೆಯ ನೆಲಮಾಳಿಗೆಯಲ್ಲೇ ಇತ್ತು ಅದು. ನಾನು ಅಡುಗೆಮನೆ ಸುಡುತ್ತ ಕೂತಿದ್ದೆ.

ಮೊದಲ ಬಕೆಟ್ಟಿನ ಪಕ್ಕಕ್ಕೆ ತೂತು ಕೊರೆದು ಎಲಿಮೆಂಟ್ ಬಿಗಿದೆ. ರಬ್ಬರಿನ ವಾಷರ್ ಸರಿ ಕೂರದೆ ರಾತ್ರಿಯಿಡೀ ಜಿನುಗಿತು. ಜನವರಿಯ ಬೆಳಿಗ್ಗೆ ಗರಾಜಿನ ನೆಲ ಗಾಜಿನ ಹಾಗೆ ಹೊಳೆಯುತ್ತಿತ್ತು. ಕಾರು ತೆಗೆಯಲು ಹೋದ ಹೆಂಡತಿ ಬೀಳಲಿಲ್ಲ, ಅದು ನನ್ನ ಪೂರ್ವಜನ್ಮದ ಪುಣ್ಯ. ಎರಡನೆಯದರಲ್ಲಿ ಬುದ್ಧಿ ಬಂತು. ಎಲಿಮೆಂಟುಗಳನ್ನು ಮುಚ್ಚಳದಿಂದ ಕೆಳಕ್ಕೆ ಇಳಿಬಿಟ್ಟು, ತಂತಿ ಕಟ್ಟುವ ತುದಿಗಳು ನೀರಿನ ಮೇಲೇ ಇರುವ ಹಾಗೆ ಮಾಡಿದೆ.

ಈಗ ಪರೀಕ್ಷೆ. ಭಾವ ಶನಿವಾರ ತಮ್ಮ ಹಳೆಯ ಹೀತ್‌ಕಿಟ್ ಆಸಿಲೋಸ್ಕೋಪನ್ನು ಮಗುವಿನ ಹಾಗೆ ಸೀಟ್‌ಬೆಲ್ಟ್ ಹಾಕಿ ಕೂರಿಸಿಕೊಂಡು ಬಂದರು. ಆಂಪ್ಲಿಫೈಯರಿಗೆ ಒಂದೇ ಶ್ರುತಿಯ ಸ್ವರ ಕೊಟ್ಟು ಮೆಲ್ಲಗೆ ಏರಿಸಿದೆವು. ಗರಾಜು ನಿಶ್ಶಬ್ದ. ಪರದೆಯ ಮೇಲೆ ಅಲೆ ಬೆಳೆಯಿತು, ಬೆಳೆಯಿತು, ಮೀಟರು 31 ವೋಲ್ಟ್ ತೋರಿಸುವಾಗ ನೆತ್ತಿ ಚಪ್ಪಟೆಯಾಯಿತು. ಅದರಾಚೆ ಅದಕ್ಕೆ ಶಕ್ತಿಯಿಲ್ಲ. ಚಂಡೆಯ ಪೆಟ್ಟಿಗೆ ಒದರಿದ್ದು ಅಲ್ಲೇ. 31ನ್ನು 31ರಿಂದ ಗುಣಿಸಿ 8.2ರಿಂದ ಭಾಗಿಸಿದರೆ 117 ವಾಟ್. ಬಂಗಾರದ ಅಕ್ಷರದಲ್ಲಿ 500. ಈ ವಾಟುಗಳ ಬಡಾಯಿ ಹೊಸದಲ್ಲ. ಮನೆಬಳಕೆಯ ಆಂಪ್ಲಿಫೈಯರುಗಳ ಜಾಹೀರಾತಿಗೆ ಕಡಿವಾಣ ಹಾಕಲೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಒಂದು ನಿಯಮ ಮಾಡಬೇಕಾಯಿತು: ಶಕ್ತಿ ಹೇಳುವುದಾದರೆ ಇಂತಿಷ್ಟು ಓಮಿನ ಹೊರೆಗೆ, ಬಿಡದೆ ಎಷ್ಟು ಕೊಡುತ್ತದೆಂದು ಹೇಳು ಎಂದು. ಅಂದರೆ ಕೊರಡು ಎಳೆದು ತೋರಿಸು ಎಂದು.

ಕೂಟದ ಖಜಾಂಚಿಗೆ ವೋಲ್ಟು, ಚಪ್ಪಟೆ ಅಲೆ ಎಂದರೆ ನಂಬಿಕೆ ಬರಲಿಲ್ಲ. ಅವರಿಗೆ ಇನ್ನೊಂದು ಸಾಕ್ಷಿ ತೋರಿಸಿದೆವು. ಬಕೆಟ್ಟಿಗೆ ಅಳೆದು ಹದಿನೈದು ಲೀಟರ್ ನೀರು ಹಾಕಿ, ಥರ್ಮಾಮೀಟರ್ ಇಳಿಬಿಟ್ಟು, ಒಂದು ಗಂಟೆ ನಡೆಸಿದೆವು. ಐನೂರು ವಾಟ್ ನಿಜವಾಗಿದ್ದರೆ ಆ ನೀರು ಒಂದು ಗಂಟೆಯಲ್ಲಿ 28 ಡಿಗ್ರಿಗೂ ಮೇಲೆ ಏರಬೇಕು. ಏರಿದ್ದು ಆರೂವರೆ. ಶಾಲು ಹೊದ್ದು ನೋಡಲು ಬಂದ ಅಮ್ಮ ಬೆರಳು ಅದ್ದಿ, "ಇಷ್ಟು ದೊಡ್ಡ ಪೆಟ್ಟಿಗೆ, ಇಬ್ಬರು ಎಂಜಿನಿಯರು, ಒಂದು ಗಂಟೆ. ಕಾಲು ತೊಳೆಯೋಕೂ ಬರಲ್ಲ ಈ ನೀರು" ಅಂದಳು. ಖಜಾಂಚಿ ಮರುಮಾತಾಡದೆ ಹೊಸದಕ್ಕೆ ಹಣ ಮಂಜೂರು ಮಾಡಿದರು.

ಮನೆಮಂದಿಯನ್ನು ಪರೀಕ್ಷೆಗೆ ಎಳೆದವರಲ್ಲಿ ನಾನೇ ಮೊದಲಿಗನಲ್ಲ ಎಂದು ಹೆಂಡತಿಗೆ ಹೇಳಿ ನೋಡಿದ್ದೇನೆ. 1893ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಡೆಟ್ರಾಯಿಟಿನ ಬ್ಯಾಗ್ಲಿ ಅವೆನ್ಯೂ ಮನೆಯಲ್ಲಿ ಹೆನ್ರಿ ಫೋರ್ಡ್ ತನ್ನ ಮೊದಲ ಎಂಜಿನ್ನನ್ನು ಅಡುಗೆಮನೆಯ ಸಿಂಕಿಗೆ ಬಿಗಿದು, ಮನೆಯ ವಿದ್ಯುತ್ತಿನಿಂದಲೇ ಕಿಡಿ ಹೊಡೆಸಿ, ಹೆಂಡತಿ ಕ್ಲಾರಾಳ ಕೈಯಲ್ಲಿ ಪೆಟ್ರೋಲು ತೊಟ್ಟಿಕ್ಕಿಸಿದ. ಆಗ ಅವನಿಗೆ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ನೌಕರಿ, ಮನೆಯಲ್ಲಿ ಕೈಗೂಸು. "ಆಮೇಲೆ ಅವನು ಅವಳಿಗೆ ಅರಮನೆ ಕಟ್ಟಿಸಿದ" ಎಂದಳು ನನ್ನವಳು. ಡಿಯರ್‌ಬಾರ್ನ್‌ನಲ್ಲಿ ಫೇರ್ ಲೇನ್ ನೋಡಿ ಬಂದಿದ್ದಾಳೆ, ವಾದಿಸುವಂತಿಲ್ಲ.

ರಾತ್ರಿ ಮಲಗಿದಾಗ ದೂರದಲ್ಲಿ ಗೂಡ್ಸ್ ರೈಲುಗಳ ಸದ್ದು ಕೇಳುತ್ತದೆ. ನಮ್ಮ ಅರೋರಾ ಹಳೆಯ ರೈಲ್ವೆ ಊರು. ಇಲ್ಲಿಂದ ಸ್ವಲ್ಪ ಪೂರ್ವಕ್ಕೆ, ಲಾ ಗ್ರೇಂಜ್ ಪಕ್ಕದಲ್ಲಿ, ಎಲೆಕ್ಟ್ರೋ-ಮೋಟಿವ್ ಕಂಪನಿಯ ಡೀಸೆಲ್ ಎಂಜಿನ್ನಿನ ಕಾರ್ಖಾನೆಯಿತ್ತು. ಆ ಎಂಜಿನ್ನುಗಳ ನೆತ್ತಿಯ ಮೇಲೆ ರೆಸಿಸ್ಟರಿನ ಜಾಲರಿ ಇರುತ್ತದೆ. ಇಳಿಜಾರಿನಲ್ಲಿ ಗಾಲಿ ತಿರುಗಿಸುವ ಮೋಟಾರುಗಳೇ ಜನರೇಟರುಗಳಾಗಿ, ರೈಲಿನ ಓಟವನ್ನೆಲ್ಲ ಆ ಜಾಲರಿಯಲ್ಲಿ ಕಾಸಿ ಗಾಳಿಗೆ ಬಿಡುತ್ತವೆ. ಎಂಜಿನ್ನನ್ನು ನಿಂತಲ್ಲೇ ಪರೀಕ್ಷಿಸಬೇಕಾದರೂ ಅದೇ ಜಾಲರಿಯನ್ನು ಹೊರೆಯಾಗಿ ಕಟ್ಟಿಕೊಳ್ಳುವ ಏರ್ಪಾಡು ಕೆಲವದರಲ್ಲಿ ಇದೆ. ಆ ಮನೆತನದ ಎಂಜಿನ್ನುಗಳು ನಮ್ಮ ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನಲ್ಲೂ ಇವೆ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ, 37 ಅಡಿಗೆ ಒಂದಡಿ ಇಳಿಯುವ ಘಟ್ಟದಲ್ಲಿ, ದೂಧ್‌ಸಾಗರದ ನೀರು ಪಕ್ಕದಲ್ಲೇ ಬೀಳುತ್ತಿರುವಾಗ ನೆತ್ತಿ ಕಾಸಿಕೊಂಡು ಇಳಿಯುತ್ತಿದ್ದದ್ದು ಇವೇ. ಅಮ್ಮನಿಗೆ ಇದನ್ನು ಹೇಳಿದಾಗ, "ಅಷ್ಟು ಬಿಸಿ ಸುಮ್ನೆ ಹೋಗತ್ತಾ? ಒಂದು ಹಂಡೆ ಇಡಬಾರದಾ?" ಅಂದಳು. ನನಗೂ ಹಾಗೇ ಅನ್ನಿಸಿತು.

ಬಕೆಟ್ ಈಗ ಗರಾಜಿನಲ್ಲಿ ಹಿಮ ಎತ್ತುವ ಸಲಿಕೆಗೂ ಉಪ್ಪಿನ ಚೀಲಕ್ಕೂ ನಡುವೆ ಇದೆ. ಮುಚ್ಚಳದ ಮೇಲೆ "ಗೋಡೆಯ ಪ್ಲಗ್ಗಿಗೆ ಹಾಕಬಾರದು" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೇನೆ. ಶಿಕಾಗೋದಿಂದ ಡೆಟ್ರಾಯಿಟಿನ ತನಕ ಯಾರಿಗೆ ಬೇಕಾದರೂ ಕೊಡುತ್ತೇನೆ, ಬಾಡಿಗೆ ಬೇಡ. ಚಳಿಗಾಲದಲ್ಲಿ ಒಯ್ದವರು ಮಾತ್ರ ದಯವಿಟ್ಟು ನೀರು ಚೆಲ್ಲಿ ವಾಪಸ್ ತನ್ನಿ. ಹೋದ ಡಿಸೆಂಬರಿನಲ್ಲಿ ಒಬ್ಬರು ತುಂಬಿದ್ದನ್ನೇ ತಂದು ಬಾಗಿಲ ಬಳಿ ಇಟ್ಟು ಹೋದರು. ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿ ಬಕೆಟ್ ಸೀಳಿತ್ತು. ಈಗ ಇರುವುದು ಮೂರನೆಯದು.